ತುಂಗಭದ್ರೆಯಲ್ಲಿ ಮಿಂದು ಹೋಗುವ ಭಕ್ತರಿಗೊಂದು ಬಹಿರಂಗ ಪತ್ರ

ಪರಮಪೂಜ್ಯ ತೀರ್ಥಯಾತ್ರಿಗಳಾದ ಅಣ್ಣಂದಿರ, ಅಕ್ಕಂದಿರ, ಹಿರಿಯರ ಪಾದಾರವಿಂದಗಳಿಗೆ,



ಸಂಕ್ರಾಂತಿಗೆ, ಎಳ್ಳಮಾವಾಸ್ಯೆಗೆ, ಚೈತ್ರದ ತೇರಿಗೆ ನೀವು ನಸುಕಿನಲ್ಲೇ ಬಸ್ಸಿಳಿದು, ಬುತ್ತಿಗಂಟು ಹೊತ್ತು ಹಂಪಿಯ ಹೊಳೆದಂಡೆಗೆ ಬರುತ್ತೀರಿ. ಮೈಗೆ ಎಳ್ಳು, ಅರಿಶಿನ ಹಚ್ಚಿಕೊಂಡು ಮೂರು ಮುಳುಗು ಹಾಕುತ್ತೀರಿ. ಸೂರ್ಯನಿಗೆ ಬೊಗಸೆ ನೀರು ಬಿಟ್ಟು, ವಿರೂಪಾಕ್ಷನ ದರ್ಶನ ಮಾಡಿ, ಬಂಡೆಯ ಮೇಲೆ ಕೂತು ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಉಣ್ಣುತ್ತೀರಿ. ಪಕ್ಕದಲ್ಲಿ ಕೂತವರು ಯಾರು, ಯಾವೂರವರು ಎಂದು ಕೇಳದೆ ಅವರ ಕೈಗೂ ಒಂದು ರೊಟ್ಟಿ ಇಡುತ್ತೀರಿ. ಇಷ್ಟು ಚೆಂದದ ಪೂಜೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮ ಭಕ್ತಿಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಹೊಳೆಯನ್ನು ಕೆಡಿಸುವವರು ಬೇರೆಯವರೂ ಇದ್ದಾರೆ. ಚರಂಡಿಗೆ, ಕಾರ್ಖಾನೆಯ ಕೊಳವೆಗೆ ಭಕ್ತಿಯೆಂಬುದಿಲ್ಲ. ಅವುಗಳ ಜೊತೆ ಕಾನೂನು ಮಾತಾಡಬೇಕು. ನಿಮಗೆ ಭಕ್ತಿಯಿದೆ. ಅದಕ್ಕೇ ಈ ಪತ್ರ ನಿಮಗೆ.

ಮಿಂದು ಮೇಲೆ ಬಂದ ಮೇಲೆ, ಮೈಮೇಲಿದ್ದ ಒದ್ದೆ ಬಟ್ಟೆಯ ಜೊತೆಗೆ ಪಾಪವೂ ಹೋಗಲಿ ಎಂದು ಅದನ್ನು ಹೊಳೆಗೇ ಬಿಟ್ಟು ಹೋಗುತ್ತೀರಿ. ನಿಮ್ಮ ಪಾಪ ಕಳೆಯಿತಲ್ಲ, ನನಗೆ ಸಂತೋಷವೇ. ಆದರೆ ಬಟ್ಟೆ ಎಲ್ಲಿಗೆ ಹೋಯಿತೆಂದು ತಿಳಿಸುವುದು ದಂಡೆಯವನಾದ ನನ್ನ ಕರ್ತವ್ಯ. ನಿಮ್ಮ ಅಜ್ಜ ಬಿಟ್ಟ ಹತ್ತಿಯ ಪಂಚೆ ನೀರಲ್ಲಿ ಕೊಳೆತು ಕರಗುತ್ತಿತ್ತು. ನೀವು ಬಿಟ್ಟ ಪಾಲಿಯೆಸ್ಟರ್ ಸೀರೆ ಕರಗುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಾದಾಗ ಅದು ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡು, ಅದರ ಮೇಲೆ ಹೂವಿನ ಹಾರ, ಹಾರದ ಮೇಲೆ ಶಾಂಪೂ ಚೀಟಿ, ಎಣ್ಣೆ ಬಾಟಲಿ ಕೂಡಿಕೊಂಡು ಅಲ್ಲೇ ನಾರುತ್ತದೆ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನ ಗೇಟು ತೆಗೆದರೆ ಎಲ್ಲವೂ ಎದ್ದು ಕಂಪ್ಲಿಗೆ ಹೋಗಿ ಮೀನುಗಾರರ ಬಲೆಗೆ ಬೀಳುತ್ತದೆ. ಅಲ್ಲಿಂದ ಮುಂದೆ ಮಂತ್ರಾಲಯ. ರಾಯರ ಸನ್ನಿಧಿಗೆ ಬಂದವರೂ ನಿಮ್ಮ ಹಾಗೆಯೇ ಕಣ್ಣುಮುಚ್ಚಿ ಇದೇ ನೀರಲ್ಲಿ ಮುಳುಗುತ್ತಾರೆ.

ಕಂಪ್ಲಿಯ ಹೆಸರು ಬಂತು, ಹೇಳಿಬಿಡುತ್ತೇನೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿಗಳಿಗಾಗಿಯೇ ಇಂಥದ್ದೊಂದು ಈ ದೇಶದಲ್ಲಿ ಆದದ್ದು ಅದೇ ಮೊದಲು. ಅವೂ ದಿನಾ ಇಲ್ಲೇ ಮೀಯುತ್ತವೆ, ಮೀನು ಹಿಡಿಯುತ್ತವೆ, ಮರಿಗಳಿಗೆ ಈಜು ಕಲಿಸುತ್ತವೆ. ಸೇತುವೆ ದಾಟುವಾಗ ನೀವು ಬಸ್ಸಿನ ಕಿಟಕಿಯಿಂದ ಕೈಮುಗಿದು ಎಸೆಯುವ ಪೂಜೆಯ ಹೂವಿಗೆ ಅವುಗಳ ಅಭ್ಯಂತರವಿಲ್ಲ. ಹೂವು ಕಟ್ಟಿದ ಪ್ಲಾಸ್ಟಿಕ್ ಚೀಲವನ್ನು ದಯಮಾಡಿ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಬಹುದೇ ಎಂದು ಅವುಗಳ ಪರವಾಗಿ ವಿನಂತಿಸುತ್ತೇನೆ.

ನೀವು ಶಾಸ್ತ್ರ ಬಲ್ಲವರು. ಪೂಜೆಗೆ ಕೂತ ಕೂಡಲೇ ಆಚಮನ ಮಾಡುತ್ತೀರಿ, ಸಂಕಲ್ಪಕ್ಕೆ ನೀರು ಬಿಡುತ್ತೀರಿ. ಕಲಶಕ್ಕೆ ಗಂಧಾಕ್ಷತೆ ಇಟ್ಟು ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಎಂದು ಏಳು ನದಿಗಳನ್ನು ಹೆಸರು ಹಿಡಿದು ಕರೆಯುತ್ತೀರಿ. ದೇವರ ಪಾದಕ್ಕೆ ನೀರು, ಕೈಗೆ ನೀರು, ಬಾಯಿಗೆ ನೀರು, ಆಮೇಲೆ ಸ್ನಾನ. ಅಭಿಷೇಕದ ನೀರೇ ತೀರ್ಥವಾಗಿ ನಿಮ್ಮ ಅಂಗೈಗೆ ಬಂದಾಗ, ಒಂದು ಹನಿ ನೆಲಕ್ಕೆ ಬೀಳದಂತೆ ಕುಡಿದು ಕೈಯನ್ನು ತಲೆಗೆ ಒರೆಸಿಕೊಳ್ಳುತ್ತೀರಿ. ಇಷ್ಟು ಮರ್ಯಾದೆ ನೀರಿಗೆ ಕೊಡುವವರು ಜಗತ್ತಿನಲ್ಲಿ ಇನ್ನಾರಿದ್ದಾರು? ಆ ಏಳರಲ್ಲಿ ತುಂಗಭದ್ರೆಯ ಹೆಸರಿಲ್ಲ ನಿಜ. ಆದರೆ ಕರೆಯದೆಯೇ ಬಂದು ನಿಮ್ಮ ಕಾಲ ಬುಡದಲ್ಲಿ ಹರಿಯುವವಳು ಇವಳು. ದೂರದ ಏಳು ನದಿಗಳಿಗೆ ತಾಮ್ರದ ಕಲಶ, ಎದುರಿನ ಇವಳಿಗೆ ನಿಮ್ಮ ಮೈಯ ಸೋಪಿನ ನೊರೆ. ಇದು ಸರಿಯೇ ಎಂದು ನೀವೇ ಹೇಳಬೇಕು.

ಗಂಗಾ ಸ್ನಾನ, ತುಂಗಾ ಪಾನ ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದರು. ಇದು ಕುಡಿಯುವ ಹೊಳೆ. ವೈದಿಕರು ಪಠಿಸುವ ತೈತ್ತಿರೀಯ ಆರಣ್ಯಕದ ಅರುಣಪ್ರಶ್ನದಲ್ಲೇ ನೀರಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು ಎಂಬ ವಿಧಿಯಿದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ಹೊಲಸು ಮೆತ್ತಿದ ಯಾವ ವಸ್ತುವನ್ನೂ ನೀರಿಗೆ ಹಾಕಬಾರದು ಎನ್ನುತ್ತದೆ. ಇದೇ ಹೊಳೆಯ ದಂಡೆಯಲ್ಲಿ ಬದುಕಿದ ಪುರಂದರದಾಸರು, ಮನಸ್ಸಿನಲ್ಲಿ ದೃಢಭಕ್ತಿಯಿಲ್ಲದೆ ಮೈಯನ್ನು ಮಾತ್ರ ನೀರಿಗೆ ಅದ್ದಿದರೆ ಏನು ಫಲ ಎಂದು ನೇರವಾಗಿ ಕೇಳಿಬಿಟ್ಟಿದ್ದಾರೆ. ನಾನು ಅಷ್ಟು ದೊಡ್ಡ ಮಾತು ಆಡಲಾರೆ. ನನ್ನದು ಸೋಪಿನ ಮಾತು, ಚೀಲದ ಮಾತು.

ನೀವು ನಿಂತ ಕ್ಷೇತ್ರ ಎಂಥದ್ದೆಂದು ನಿಮಗೆ ಗೊತ್ತು. ಇಲ್ಲಿ ನದಿಯೂ ಪಂಪೆ, ದೇವಿಯೂ ಪಂಪೆ. ವಿರೂಪಾಕ್ಷನನ್ನು ಒಲಿಸಲು ತಪಸ್ಸಿಗೆ ಕೂತವಳು ಅವಳು. ಫಲಪೂಜೆಯಲ್ಲಿ ಅವರ ನಿಶ್ಚಿತಾರ್ಥ, ಚೈತ್ರದಲ್ಲಿ ತೇರು. ಮದುಮಗಳ ಮೈಮೇಲೆ ಹಳೆಬಟ್ಟೆ ಎಸೆಯುವ ಪದ್ಧತಿ ನಿಮ್ಮ ಊರಲ್ಲೂ ಇರಲಾರದು. ಈ ನೆಲದ ಅರಸರು ನೀರನ್ನು ಹೇಗೆ ನಡೆಸಿಕೊಂಡರೆಂದು ಹಂಪಿಯ ಕಲ್ಲುಗಳೇ ತೋರಿಸುತ್ತವೆ. ವಿರೂಪಾಕ್ಷನ ಗುಡಿಯ ಅಡುಗೆಮನೆಗೆ ಹೊಳೆಯ ನೀರು ಕಾಲುವೆಯಾಗಿ ತಾನೇ ನಡೆದು ಬರುವಂತೆ ಮಾಡಿದರು. ಸುಮಾರು ಮೂರು ಮೀಟರ್ ಎತ್ತರದ ಬಡವಿಲಿಂಗದ ಪೀಠ ಸದಾ ನೀರಲ್ಲಿ ನಿಲ್ಲುವಂತೆ ಗರ್ಭಗುಡಿಯೊಳಗೇ ಕಾಲುವೆ ಹಾಯಿಸಿದರು. ಅರಮನೆಯ ಆವರಣದ ಮೆಟ್ಟಿಲ ಪುಷ್ಕರಣಿಗೆ ಕಲ್ಲಿನ ಮೇಲ್ಗಾಲುವೆ ಕಟ್ಟಿದರು. ಯಾವ ಕಲ್ಲು ಯಾವ ಜಾಗಕ್ಕೆ ಎಂದು ಗುರುತು ಕೊರೆದರು. ಕೃಷ್ಣದೇವರಾಯ 1521ರಲ್ಲಿ ತೋಡಿಸಿದ ಬಸವಣ್ಣ ಕಾಲುವೆ ಇವತ್ತಿಗೂ ಹೊಸಪೇಟೆಯ ಗದ್ದೆಗಳಿಗೆ ನೀರುಣಿಸುತ್ತಿದೆ. ದೇವರಿಗೆ ಹೋದ ನೀರೂ ಬೆಳೆಗೆ ಹೋದ ನೀರೂ ಅವರ ಕಣ್ಣಿಗೆ ಒಂದೇ ಆಗಿತ್ತು.

ನಿಮ್ಮಲ್ಲಿ ಅಧಿಕಾರದಲ್ಲಿರುವ ಭಕ್ತರೂ ಇದ್ದೀರಿ. ತಮಗೆ ವಿಶೇಷ ನಮಸ್ಕಾರ. ಡ್ಯಾಮ್ ತುಂಬಿದ ವರ್ಷ ಮೊರದಲ್ಲಿ ಸೀರೆ, ಕುಪ್ಪಸ, ಬಳೆ, ಅರಿಶಿನ ಕುಂಕುಮ, ಧಾನ್ಯ ಇಟ್ಟು ತಾವು ಬಾಗಿನ ಬಿಡುತ್ತೀರಿ. ಮುತ್ತೈದೆಗೆ ಕೊಡುವ ಗೌರವವನ್ನು ಹೊಳೆಗೂ ಕೊಡುವ ಈ ಸಂಪ್ರದಾಯ ನನಗೆ ಪ್ರಾಣ. ಆದರೆ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ಹತ್ತಾರು ಟಿಎಂಸಿ ನೀರು ರೈತರ ಕಣ್ಣೆದುರೇ ಹರಿದುಹೋಯಿತು. ಹರಿಯುವ ನೀರಿನ ನಡುವೆ ನಿಂತು ಒಂದು ವಾರದಲ್ಲಿ ತಡೆಗೋಡೆ ಇಳಿಸಿದ ಕೆಲಸಗಾರರು ಈ ಹೊಳೆಯ ನಿಜವಾದ ಅರ್ಚಕರು. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಸರಪಳಿಯ ತಪಾಸಣೆಯನ್ನೂ ಹೂಳಿನ ಲೆಕ್ಕವನ್ನೂ ಬಾಗಿನದ ಮೊರದಲ್ಲಿ ಸೇರಿಸಿಕೊಳ್ಳಬೇಕೆಂದು ತಲೆಬಾಗಿ ಕೇಳಿಕೊಳ್ಳುತ್ತೇನೆ.

ಸಂಡೂರಿನ ಕುಮಾರಸ್ವಾಮಿಗೆ ಹರಕೆ ಹೊರುವ ಗಣಿಧಣಿಗಳಿಗೂ ಒಂದು ಮಾತು. ಆ ಸ್ವಾಮಿಯ ಅಭಿಷೇಕಕ್ಕೆ ನೀರು ಬರುವುದು ಬೆಟ್ಟದಿಂದ. ಬೆಟ್ಟ ಬಗೆದರೆ ಹಳ್ಳ ಕೆಂಪಾಗುತ್ತದೆ, ಆಮೇಲೆ ಬತ್ತುತ್ತದೆ. ನೀವು ಒಪ್ಪಿಸುವ ಬೆಳ್ಳಿಯ ಕೊಡಕ್ಕೆ ತುಂಬಲು ನೀರನ್ನೂ ಉಳಿಸಿಕೊಡಿ.

ಸತ್ತವರ ಅಸ್ಥಿ ಹಿಡಿದು ಬರುವವರಿಗೆ ನಾನು ಏನೂ ಹೇಳಲಾರೆ. ದುಃಖದಲ್ಲಿದ್ದೀರಿ, ಬೂದಿಯನ್ನು ಹೊಳೆತಾಯಿ ಮಡಿಲಿಗೆ ತೆಗೆದುಕೊಳ್ಳುತ್ತಾಳೆ. ಅವರ ಹಾಸಿಗೆ, ಕನ್ನಡಕ, ಔಷಧಿಯ ಡಬ್ಬಿಗಳನ್ನು ಮಾತ್ರ ಕೊಡಬೇಡಿ.

ಪೂಜ್ಯರೇ, ನೀವು ಬರಬೇಡಿ ಎಂದು ನಾನೆಂದೂ ಹೇಳುವುದಿಲ್ಲ. ಬನ್ನಿ, ಮಕ್ಕಳನ್ನೂ ಕರೆತನ್ನಿ, ಮನಸಾರೆ ಮುಳುಗಿ. ಒದ್ದೆ ಬಟ್ಟೆಗೆ ಮನೆಯಿಂದಲೇ ಒಂದು ಚೀಲ ತನ್ನಿ, ಹಿಂಡಿ ಮನೆಗೆ ಒಯ್ಯಿರಿ. ಸೋಪು, ಶಾಂಪೂ ಮನೆಯ ಬಚ್ಚಲಲ್ಲೇ ಇರಲಿ. ಒಡೆದ ದೇವರ ಪಟದ ಗಾಜನ್ನು ಹೊಳೆಗೆ ಬಿಡಬೇಡಿ. ಅದರ ಮೇಲೆ ಬೀಳುವುದು ನಿಮ್ಮ ನಂತರ ಇಳಿಯುವ ಮಗುವಿನ ಪಾದ. ಮಿಂದಾದ ಮೇಲೆ ಪಕ್ಕದವರು ಬಟ್ಟೆ ಬಿಡಲು ಹೊರಟರೆ ನನ್ನ ಹೆಸರು ಹೇಳದೆ, ನಿಮ್ಮದೇ ಮಾತೆಂಬಂತೆ, ಬೇಡ ಅಕ್ಕಾ, ಬೇಡ ಅಣ್ಣಾ ಎಂದು ಒಮ್ಮೆ ಹೇಳಿ.

ಇಂತಿ ನಿಮ್ಮ ವಿಧೇಯ,
ಇದೇ ನೀರು ಕುಡಿದು ಬೆಳೆದ ಹೊಸಪೇಟೆಯವನು