ಪಿಂಗ್ ಹೋಗ್ತಿದೆಯಾ?

ಹೆಣ್ಣು ನೋಡಲು ಹೋದ ಮನೆಯಲ್ಲಿ "ಹುಡುಗ ಸಾಫ್ಟ್‌ವೇರಾ?" ಎಂದು ಕೇಳುತ್ತಾರೆ. "ಅಲ್ಲ, ನೆಟ್‌ವರ್ಕ್" ಎನ್ನುತ್ತಾನೆ ನಮ್ಮ ಸತ್ಯಸಂಧ. ಹೆಣ್ಣಿನ ತಂದೆ ಉಪ್ಪಿಟ್ಟಿನ ತಟ್ಟೆಯನ್ನು ಮುಂದೆ ಚಾಚಿದವರು ಅಲ್ಲೇ ನಿಲ್ಲುತ್ತಾರೆ: "ಅಂದ್ರೆ... ಕೇಬಲ್ ಕೆಲಸವೇ?" ಅವನ ತಾಯಿ ತಕ್ಷಣ, "ಕೇಬಲ್ಲೇ, ಆದ್ರೆ ಅಮೆರಿಕದ್ದು" ಎಂದು ಮರ್ಯಾದೆ ಉಳಿಸುತ್ತಾರೆ.

ನೆಟ್‌ವರ್ಕ್ ಎಂಜಿನಿಯರ್ ಕಾಲೇಜಿನಲ್ಲಿ ತಯಾರಾಗುವವನಲ್ಲ. ಬಿಇ ಮುಗಿದು, ಕ್ಯಾಂಪಸ್ಸಿಗೆ ಬಂದ ಕಂಪನಿಗಳೆಲ್ಲ ಕೈ ಬೀಸಿ ಹೋದ ಮೇಲೆ, ಬಿಟಿಎಂ ಲೇಔಟಿನಲ್ಲೋ ಮಾರತ್ತಹಳ್ಳಿಯಲ್ಲೋ ಮೂರನೇ ಮಹಡಿಯ ತರಬೇತಿ ಕೇಂದ್ರದಲ್ಲಿ ಅವನ ಪುನರ್ಜನ್ಮ. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಬೋರ್ಡಿನ ಕೆಳಗೆ ಕೂತು ಒಎಸ್‌ಐ ಮಾಡೆಲ್ಲಿನ ಏಳು ಲೇಯರುಗಳನ್ನು ಮಗ್ಗಿಯಂತೆ ಉರು ಹೊಡೆದು, 120 ನಿಮಿಷದ ಸಿಸಿಎನ್‌ಎ ಪರೀಕ್ಷೆ ಪಾಸು ಮಾಡುತ್ತಾನೆ. ಆ ಸರ್ಟಿಫಿಕೇಟಿನ ಆಯುಸ್ಸು 3 ವರ್ಷ ಮಾತ್ರ ಎಂದಾಗ ನಿವೃತ್ತ ಮೇಷ್ಟ್ರಾದ ತಾತನಿಗೆ ಕನಿಕರ: "ನಮ್ಮ ಟಿಸಿಎಚ್ ಈಗಲೂ ಪೆನ್ಷನ್ ಕೊಡಿಸ್ತಾ ಇದೆಯಲ್ಲೋ!"

ಕೆಲಸ ಸಿಗುವುದು ವೈಟ್‌ಫೀಲ್ಡಿನ ಯಾವುದೋ ನಾಕ್‌ನಲ್ಲಿ, ಅಂದರೆ ನೆಟ್‌ವರ್ಕ್ ಕಾಯುವ ಕೇಂದ್ರದಲ್ಲಿ, ಮೊದಲ ಮೆಟ್ಟಿಲಿನ ಎಲ್-1 ಆಗಿ, ನೈಟ್ ಶಿಫ್ಟಿಗೆ. ಪರದೆಯ ಮೇಲಿನ ಹಸಿರು ಕೆಂಪಾದರೆ ಟಿಕೆಟ್ ತೆರೆದು, ಅರ್ಧ ಪುಟ ವರದಿ ಬರೆದು, ಎಲ್-2ನನ್ನು ಎಬ್ಬಿಸಬೇಕು. ಅವನು "ಪಿಂಗ್ ಹೋಗ್ತಿದೆಯಾ? ಲಾಗ್ ಕಳ್ಸು" ಎನ್ನುತ್ತಾನೆ. ಎಲ್-3ರ ಬಾಯಿಂದ ಬರುವುದು ಇಷ್ಟೇ: "ಯಾರು ಮುಟ್ಟಿದ್ದು?" ಮಾತು ಕಡಿಮೆಯಾದಷ್ಟೂ ಸಂಬಳ ಏರುವ ಉದ್ಯೋಗವಿದು. ಕ್ಲೈಂಟಿಗೆ ಕೊಟ್ಟ ಮಾತು ಶೇ. 99.999. ಅಂದರೆ ಇಡೀ ವರ್ಷದಲ್ಲಿ ಕೆಡಲು ಅನುಮತಿ ಇರುವುದು ಐದೂಕಾಲು ನಿಮಿಷ. ಮ್ಯಾನೇಜರಿಗೆ ಇವನ ಹೆಸರು ನೆನಪಾಗುವುದೂ ಆ ಐದೂಕಾಲು ನಿಮಿಷದಲ್ಲೇ.

"ಕ್ಲೌಡ್ ಬಂತು, ನಿಮ್ಮ ಕಥೆ ಮುಗೀತು" ಎಂದು ಡೆವಲಪರ್ ರೂಮ್‌ಮೇಟ್ ಹೆದರಿಸಿದ. ಇವನು ಹೆದರಿ ಪೈಥಾನ್ ಕಲಿತ, ಆಟೊಮೇಷನ್ ಕಲಿತ, ಫೈರ್‌ವಾಲ್ ಕಲಿತ. ಕಲಿಯುವ ಮೊದಲೇ ಎಲ್ಲವನ್ನೂ ಲಿಂಕ್ಡ್‌ಇನ್ನಿಗೆ ಏರಿಸಿದ. ಆಮೇಲೆ ನೋಡಿದರೆ ಕ್ಲೌಡೂ ನೆಲದ ಮೇಲಿನ ಡೇಟಾ ಸೆಂಟರಿನಲ್ಲೇ ಇದೆ, ಅಲ್ಲಿಗೂ ಕೇಬಲ್ಲೇ ಎಳೆಯಬೇಕು. ಈಗ ಎಐ ಕೋಡ್ ಬರೆಯತೊಡಗಿದೆ. ಹೆದರುವ ಪಾಳಿ ರೂಮ್‌ಮೇಟಿನದು.

2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ತಾಸು ನಿಂತವಲ್ಲ, ಅವತ್ತು ಇವನ ಸಂಭ್ರಮ ಹೇಳತೀರದು. ತನ್ನ ಕಸುಬೊಂದು ಇದೆಯೆಂದು ಲೋಕಕ್ಕೆಲ್ಲ ಒಂದೇ ರಾತ್ರಿ ಗೊತ್ತಾಗಿತ್ತು! ದಸರೆಗೆ ಊರಿಗೆ ಹೋದವನು ಚಿಕ್ಕಮ್ಮನ ಹಜಾರದಲ್ಲಿ ಉಪನ್ಯಾಸಕ್ಕೇ ನಿಂತ: ಮೇಂಟೆನೆನ್ಸ್ ಹೊತ್ತಿನಲ್ಲಿ ಕೊಟ್ಟ ಒಂದು ಕಮಾಂಡಿಗೆ ಇಡೀ ಬ್ಯಾಕ್‌ಬೋನ್ ಕಡಿದುಹೋಯಿತು, ಬಿಜಿಪಿ ದಾರಿ ಹೇಳುವುದನ್ನು ನಿಲ್ಲಿಸಿತು, ಡಿಎನ್‌ಎಸ್ ಎಲ್ಲಿದೆಯೆಂದೇ ಯಾರಿಗೂ ಸಿಗಲಿಲ್ಲ.

ಚಿಕ್ಕಮ್ಮ ಕೊನೆಯವರೆಗೂ ಗಮನವಿಟ್ಟು ಕೇಳಿದರು.

"ಒಂದೇ ಕಮಾಂಡಾ?"

"ಒಂದೇ."

"ಹಾಗಿದ್ರೆ ನಮ್ಮ ಪುಟ್ಟನ ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ಅದನ್ನ ದಿನಾ ಸಂಜೆ ಒತ್ತೋ ಕೆಲಸ ನಿಂಗೆ ಸಿಗಲ್ವೇನೋ?"