ಕೊಟೇಶನ್ ಸಾವ್ಕಾರ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವಾಲ್ವು ಮಾಡುವವರಿದ್ದಾರೆ, ಲೇತಿನ ಮೇಲೆ ಬಿಡಿಭಾಗ ಕಡೆಯುವವರಿದ್ದಾರೆ. ಅವರ ನಡುವೆ ಏನನ್ನೂ ಮಾಡದೆ, ಇನ್ನೇನು ಮಾಡಲಿರುವ ಒಬ್ಬರು ಇದ್ದೇ ಇರುತ್ತಾರೆ. ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಹಾಕಬೇಕೆಂಬುದು ಅವರ ಸಂಕಲ್ಪ. ಶೆಡ್ಡು ಬಾಡಿಗೆಗೆ ಹಿಡಿದಾಗಿದೆ, ಹೆಸ್ಕಾಂ ಮೀಟರು ಕೂತಿದೆ, ಬಾಗಿಲ ಮೇಲೆ ಬೋರ್ಡೂ ಏರಿದೆ (ಅದು ಫ್ಲೆಕ್ಸಿನದು ಎಂಬುದನ್ನು ಸದ್ಯಕ್ಕೆ ದೊಡ್ಡದು ಮಾಡುವುದು ಬೇಡ). ಬರಬೇಕಾದದ್ದು ಮಶಿನ್ ಒಂದೇ. ಯಾವ ಮಶಿನ್ ಎಂಬುದಷ್ಟೇ ತೀರ್ಮಾನವಾಗಿಲ್ಲ. ಮೇಜಿನ ಮೇಲೆ ದಪ್ಪನೆಯದೊಂದು ಫೈಲು. ಅದರೊಳಗೆ ಮುಂಬಯಿ, ದಿಲ್ಲಿ, ತಿರುಪ್ಪೂರುಗಳಿಂದ ಬಂದ ಕೊಟೇಶನ್ನುಗಳು, ತಾರೀಖಿನ ಪ್ರಕಾರ ಒಂದು ಸಲ, ಬಣ್ಣದ ಸಂಖ್ಯೆಯ ಪ್ರಕಾರ ಇನ್ನೊಂದು ಸಲ ಜೋಡಿಸಿದ್ದು. ಮಹಾನವಮಿಯ ಖಂಡೇಪೂಜೆಯ ದಿನ ಅಕ್ಕಪಕ್ಕದ ಶೆಡ್ಡುಗಳಲ್ಲಿ ಲೇತಿಗೆ, ಡ್ರಿಲ್ಲಿಗೆ ಚೆಂಡುಹೂವಿನ ಮಾಲೆ ಬಿದ್ದರೆ ಇವರಲ್ಲಿ ಆ ಫೈಲಿಗೇ ಬೀಳುತ್ತದೆ. ಊರು ಇವರಿಗೆ ಇನ್ನೂ ಹೆಸರಿಟ್ಟಿಲ್ಲದಿದ್ದರೆ ನಾವೇ ಕೊಟೇಶನ್ ಸಾವ್ಕಾರ ಎಂದು ಕರೆಯೋಣ.

ಸಾವ್ಕಾರರನ್ನು ಸೋಮಾರಿ ಎನ್ನುವುದು ಅನ್ಯಾಯ. ಮಶಿನ್ನಿನ ವಿಷಯದಲ್ಲಿ ಅವರಷ್ಟು ಓದಿದವರು ಹುಬ್ಬಳ್ಳಿಯಲ್ಲಿ ಸಿಗುವುದು ಕಷ್ಟ. 1907ರಲ್ಲಿ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆ ಜಾಲರಿಯ ಮುದ್ರಣಕ್ಕೆ ಪೇಟೆಂಟ್ ಪಡೆದದ್ದು ಅವರಿಗೆ ಗೊತ್ತು. ಅಮೆರಿಕದ ಮೈಕೆಲ್ ವ್ಯಾಸಿಲಾಂಟೋನ್ 1960ರ ದಶಕದಲ್ಲಿ ಅಂಗಿಯ ಮೇಲೆ ಹಲವು ಬಣ್ಣ ಹೊಡೆಯುವ ತಿರುಗುವ ಮಶಿನ್ ಕಟ್ಟಿದ್ದೂ ಗೊತ್ತು. ನಡುವೆ ಕಂಬ, ಸುತ್ತ ತೋಳುಗಳು, ತೋಳಿಗೊಂದು ಬಣ್ಣ, ಗಾಣದ ಹಾಗೆ ಸುತ್ತುವ ಆ ಯಂತ್ರದ ಸಂತತಿಯೇ ಇಂದಿನ ನಾಲ್ಕು ಕಲರ್, ಆರು ಕಲರ್ ಮಶಿನ್ನುಗಳು. ಬಣ್ಣ ಬಣ್ಣದ ನಡುವಿನ ಕೂದಲೆಳೆಯಷ್ಟು ಅಂತರವನ್ನೂ ತಿರುಪು ತಿರುವಿ ಸರಿಮಾಡುವ ಸೌಲಭ್ಯಕ್ಕೆ ಮೈಕ್ರೋ ರಜಿಸ್ಟ್ರೇಶನ್ ಎನ್ನುತ್ತಾರೆ. ಸಾವ್ಕಾರರು ಈ ಮಾತನ್ನು ದಿನಕ್ಕೆ ಎಷ್ಟು ಸಲ ಆಡುತ್ತಾರೆಂದರೆ, ಎದುರಿನ ಚಾದಂಗಡಿಯ ಹುಡುಗ ಬಸಿಯ ಮೇಲೆ ಕಪ್ಪು ಸರಿಯಾಗಿ ಕೂಡಿಸುವುದಕ್ಕೂ ಅದನ್ನೇ ಬಳಸತೊಡಗಿದ್ದಾನೆ. ಇಷ್ಟು ತಿಳಿದವರು ಕೊಳ್ಳುವುದಿಲ್ಲವೇಕೆ ಎಂದು ಕೇಳಿದರೆ ಉತ್ತರ ಸಿದ್ಧವಿದೆ: “ಒಮ್ಮೆ ತಗೊಂಡ್ರ ಚಲೋದ ತಗೋಬೇಕ್ರಿ. ಇನ್ನೊಂದ್ ಕೊಟೇಶನ್ ಬರೂದೈತಿ, ನೋಡೂಣು.”

ಅವರ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ಲೆಕ್ಕ ಹಾಕಿದ್ದು ಮಾತ್ರ ಮಶಿನ್ನಿನದು, ಕೆಲಸದ್ದಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಸ್ಕ್ರೀನಿಗೆ ಬರುವ ಕೆಲಸ ಎಂಥದು, ಒಮ್ಮೆ ನೋಡಿ. ರಾಜ್ಯೋತ್ಸವಕ್ಕೆ ಹಳದಿ ಅಂಗಿಯ ಮೇಲೆ ಕೆಂಪು ಅಕ್ಷರ: ಒಂದು ಬಣ್ಣ. ಸೆಕ್ಯುರಿಟಿಯವರ ಬೆನ್ನಿನ ಮೇಲೆ ಏಜೆನ್ಸಿಯ ಹೆಸರು: ಒಂದು ಬಣ್ಣ. ಮದುವೆಯ ತಾಂಬೂಲದ ಚೀಲದ ಮೇಲೆ ಗಣಪತಿ, ವಧೂವರರ ಹೆಸರು, ಕೆಳಗೆ ಬೀಗರಿಬ್ಬರ ಊರು: ಅದೂ ಒಂದೇ. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೆ ಜವಳಿ ಅಂಗಡಿಯವರು ಹಿಡಿದ ಬಟ್ಟೆ ಚೀಲಗಳ ಮೇಲೆ ಹೆಚ್ಚೆಂದರೆ ಎರಡು. ತಾರಿಹಾಳದಲ್ಲೇ ಕೇಳುವ ವಾಲ್ವಿನ ನೇಮ್‌ಪ್ಲೇಟು, ಪ್ಯಾನೆಲ್ ಬೋರ್ಡಿನ ಸ್ಟಿಕ್ಕರುಗಳಿಗೆ ಕಪ್ಪು ಸಾಕು, ಅಪಾಯ ಎಂದು ಬರೆಯುವಲ್ಲಿ ಸ್ವಲ್ಪ ಕೆಂಪು. ಕಪ್ಪು ಅಂಗಿಯ ಮೇಲೆ ತಿಳಿ ಬಣ್ಣ ಎದ್ದು ಕಾಣಬೇಕಾದರೆ ಕೆಳಗೊಂದು ಬಿಳಿಯ ಪದರ ಹೊಡೆದು ಒಣಗಿಸಬೇಕು ಎಂಬುದು ನಿಜ. ಆಗ ಎರಡು ಮೂರಾಗುತ್ತದೆ. ಆದರೂ ಆರಾಗುವುದಿಲ್ಲ. ಆರು ಕಲರಿನ ಮಶಿನ್ ತಂದವರ ಶೆಡ್ಡಿನಲ್ಲಿ ಒಂದೆರಡು ತೋಳು ದುಡಿಯುತ್ತಿರುತ್ತವೆ. ಉಳಿದವು ಅಂಗಿ ಒಣಹಾಕಲು ಅನುಕೂಲ.

ವೇಗದ ಲೆಕ್ಕ ಇನ್ನೂ ಸೊಗಸಾಗಿದೆ. ಕೈ ಮಶಿನ್ನಿನ ಮೇಲೆ ಪಳಗಿದ ಇಬ್ಬರು ತಾಸಿಗೆ ನೂರರ ಆಸುಪಾಸು ಒಂದು ಬಣ್ಣದ ಅಂಗಿ ಹೊಡೆಯುತ್ತಾರೆ ಎಂದಿಟ್ಟುಕೊಳ್ಳಿ. ಆಟೊಮ್ಯಾಟಿಕ್ ತಾಸಿಗೆ ಆರುನೂರು ಎನ್ನುತ್ತದೆ ಕೊಟೇಶನ್. ಗಣೇಶ ಮಂಡಳಿಯ ಹುಡುಗರು ನೂರೈವತ್ತು ಟಿ-ಶರ್ಟ್ ಕೇಳಿಕೊಂಡು ಬರುತ್ತಾರೆ. ಕೈ ಮಶಿನ್ನಿಗೆ ಒಂದೂವರೆ ತಾಸು, ಆಟೊಮ್ಯಾಟಿಕ್ಕಿಗೆ ಹದಿನೈದು ನಿಮಿಷ. ಅದಕ್ಕೂ ಮೊದಲು ಜಾಲರಿಗೆ ಎಮಲ್ಷನ್ ಎಂಬ ಲೇಪ ಹಚ್ಚಿ ಕತ್ತಲಲ್ಲಿ ಒಣಗಿಸಬೇಕು, ಅಕ್ಷರದ ಫಿಲ್ಮು (ಪಾಸಿಟಿವ್) ಇಟ್ಟು ಬೆಳಕು ಬಿಡಬೇಕು, ನೀರು ಹೊಡೆದು ಅಕ್ಷರ ತೆರೆಯಬೇಕು, ಸೂಜಿಮೊನೆಯ ತೂತುಗಳನ್ನು ಮುಚ್ಚಬೇಕು. ಧಾರವಾಡವನ್ನು ಧೂಳವಾಡ ಎಂದು ಹಂಗಿಸುವ ಜನ ಈ ಕಸುಬಿನವರಿರಬೇಕು. ಹಸಿ ಎಮಲ್ಷನ್ ಮೇಲೆ ಕೂತ ಒಂದೊಂದು ಕಣವೂ ಒಂದೊಂದು ತೂತು. ಈ ಪೂರ್ವಸಿದ್ಧತೆಗೆ ಎರಡು ಮೂರು ತಾಸು ಬೇಕು, ಮಶಿನ್ ಯಾವುದಾದರೂ ಅಷ್ಟೇ ಬೇಕು. ಹಾಗಾಗಿ ಲಕ್ಷಗಟ್ಟಲೆ ಹೆಚ್ಚಿಗೆ ಸುರಿದು, ತ್ರೀ ಫೇಸ್ ಕರೆಂಟು ಎಳೆದು, ಗಾಳಿಯ ಕಂಪ್ರೆಸರ್ ಕೂಡಿಸಿ ಸಾವ್ಕಾರರು ಗಳಿಸುವುದು ಮಂಡಳಿಯೊಂದಕ್ಕೆ ಒಂದು ತಾಸು ಹದಿನೈದು ನಿಮಿಷ. ಆ ಸಮಯದಲ್ಲಿ ಅವರು ಏನು ಮಾಡುತ್ತಾರೆಂಬುದು ಊಹೆಗೆ ಬಿಟ್ಟದ್ದು. ಬಹುಶಃ ಎಂಟು ಕಲರಿನ ಕೊಟೇಶನ್ ಓದುತ್ತಾರೆ.

ಒಳ್ಳೆಯ ಅಚ್ಚಿಗೆ ದೊಡ್ಡ ಮಶಿನ್ನೇ ಬೇಕೆಂಬ ಅವರ ನಂಬಿಕೆಯನ್ನು ಸುಳ್ಳುಮಾಡಲು ಜರ್ಮನಿಗೋ ಜಪಾನಿಗೋ ಹೋಗಬೇಕಿಲ್ಲ. ತಾರಿಹಾಳದಿಂದ ಬೆಂಗೇರಿ ಅರ್ಧ ತಾಸಿನ ದಾರಿ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. 2006ರಲ್ಲಿ ಅದಕ್ಕೆ ಖಾದಿಯ ರಾಷ್ಟ್ರಧ್ವಜ ತಯಾರಿಸಲು ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಸಿಕ್ಕಿತು. ಧ್ವಜದ ನಡುವಿನ ಅಶೋಕ ಚಕ್ರ ಅಲ್ಲಿ ಸ್ಕ್ರೀನಿನಿಂದ ಅಚ್ಚಾಗುತ್ತದೆ. ಒಂದೇ ಬಣ್ಣ, ಕಡುನೀಲಿ. ಆದರೆ ಬಟ್ಟೆಯ ಎರಡೂ ಮೈಗೆ ಹೊಡೆಯಬೇಕು. ಈ ಕಡೆಯ ಇಪ್ಪತ್ನಾಲ್ಕು ಅರಗಳ ಬೆನ್ನಿಗೆ ಆ ಕಡೆಯ ಇಪ್ಪತ್ನಾಲ್ಕು ಅರಗಳು ಕೂಡಬೇಕು. ಧ್ವಜವನ್ನು ಬಿಸಿಲಿಗೆ ಹಿಡಿದರೆ ಚಕ್ರ ಒಂದೇ ಕಾಣಬೇಕು, ನಾಲ್ವತ್ತೆಂಟು ಅರಗಳ ಇನ್ನಾವುದೋ ಕಾಣಬಾರದು. ಬಟ್ಟೆಯಾದರೂ ಎಂಥದು? ಕೈಯಿಂದ ನೂತ, ಕೈಯಿಂದ ನೇಯ್ದ ಖಾದಿ. ಒಂದೆಡೆ ದಪ್ಪ, ಒಂದೆಡೆ ತೆಳುವು. ರಜಿಸ್ಟ್ರೇಶನ್ ಎಂದು ಸಾವ್ಕಾರರು ಯಾವುದನ್ನು ಜಪಿಸುತ್ತಾರೋ ಅದರ ಅತ್ಯಂತ ಕಠಿಣ ಪರೀಕ್ಷೆ ಇದು, ಮತ್ತು ಇದು ಮೇಜಿನ ಮೇಲೆ, ಚೌಕಟ್ಟಿಗೆ ಬಿಗಿದ ಜಾಲರಿಯಿಂದ, ಕೈಯಲ್ಲಿ ಪಾಸಾಗುತ್ತಿದೆ. ಧ್ವಜಕ್ಕೆ ಒಂಬತ್ತು ಅಳತೆಗಳಿವೆ. ಎಲ್ಲಕ್ಕಿಂತ ಚಿಕ್ಕದರ ಚಕ್ರ 25 ಮಿಲಿಮೀಟರು, ಎಲ್ಲಕ್ಕಿಂತ ದೊಡ್ಡದರದು 1295. ನಾಲ್ಕು ಅಡಿ ದಾಟುವ ಈ ಎರಡನೆಯದನ್ನು ಸಾವ್ಕಾರರ ಕನಸಿನ ಮಶಿನ್ನಿಗೆ ತೋರಿಸಿದರೆ ಅದು ಕೈಮುಗಿದುಬಿಡುತ್ತದೆ: ಅಂಗಿ ತೊಡಿಸುವ ಅದರ ಹಲಗೆ ಒಬ್ಬ ಮನುಷ್ಯನ ಎದೆಯಗಲ ಮಾತ್ರ.

ಹಾಗಾದರೆ ಅಚ್ಚು ಚೆನ್ನಾಗಿ ಬರುವುದು ಯಾವುದರಿಂದ? ಕೊಟೇಶನ್ನಿನಲ್ಲಿ ಬಿಡಿ ಸಾಮಾನು ಎಂಬ ತಲೆಬರಹದಡಿ ಕೊನೆಯ ಸಾಲಿಗೆ ತಳ್ಳಿರುವ ವಸ್ತುಗಳಿಂದ. ಜಾಲರಿ ತಬಲಾದ ಹಾಗೆ ಬಿಗಿಯಿರಬೇಕು. ಸಡಿಲವಾದರೆ ಯಾವ ಮಶಿನ್ನಿಗೆ ಕಟ್ಟಿದರೂ ಅಕ್ಷರಕ್ಕೆ ನೆರಳು ಬೀಳುತ್ತದೆ. ಅಂಗಿಗೆ ಸೆಂಟಿಮೀಟರಿಗೆ 43ರಿಂದ 55 ಎಳೆಯ ಜಾಲರಿ, ನೇಮ್‌ಪ್ಲೇಟಿನ ಸಣ್ಣಕ್ಷರಕ್ಕೆ 120 ಎಳೆಯದು. ಇದನ್ನು ಅದಲುಬದಲು ಮಾಡಿದರೆ ಅಂಗಿಯ ಮೇಲೆ ಬಣ್ಣ ಕೂರುವುದಿಲ್ಲ, ನೇಮ್‌ಪ್ಲೇಟಿನ ಮೇಲೆ ‘ಪ’ ‘ವ’ ಎರಡೂ ಒಂದೇ ಚುಕ್ಕೆಯಾಗುತ್ತವೆ. ಬಣ್ಣ ಎಳೆಯುವ ಸ್ಕ್ವೀಜಿಯ ರಬ್ಬರಿನ ಅಂಚು ಹರಿತವಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಬಿಸಿ. ಪ್ಲಾಸ್ಟಿಸಾಲ್ ಬಣ್ಣ 160 ಡಿಗ್ರಿಯ ಹತ್ತಿರ ಪೂರ್ತಿ ಬೇಯಬೇಕು. ಬೇಯದಿದ್ದರೆ ಅಂಗಡಿಯಲ್ಲಿ ಅದ್ಭುತವಾಗಿ ಕಾಣುವ ಗಣಪ್ಪ ಮೊದಲ ಒಗೆತಕ್ಕೇ ವಿಸರ್ಜನೆಯಾಗುತ್ತಾನೆ. ಹೊಸ ಅಂಗಡಿಯ ದುಡ್ಡು ಮೊದಲು ಹೋಗಬೇಕಾದದ್ದು ಫ್ರೇಮಿಗೆ, ಎಕ್ಸ್‌ಪೋಸಿಂಗ್ ಪೆಟ್ಟಿಗೆಗೆ, ಒಣಗಿಸುವ ವ್ಯವಸ್ಥೆಗೆ. ಸಾವ್ಕಾರರ ಯೋಜನೆಯಲ್ಲಿ ಇವಕ್ಕೆ ಕೊಟ್ಟ ಜಾಗ ಎಷ್ಟು ಎಂದರೆ, ಮದುವೆಯ ಖರ್ಚಿನ ಪಟ್ಟಿಯಲ್ಲಿ ಬ್ಯಾಂಡಿನವರನ್ನು ಬರೆದು ಅಡಿಗೆಯವರನ್ನು ಮರೆತಷ್ಟು.

ಇಲ್ಲಿ ಸಾವ್ಕಾರರ ಪರವಾಗಿಯೂ ಮಾತಾಡಬೇಕು. ಅವರ ಆಕ್ಷೇಪಗಳು ಹಗುರವಾದವಲ್ಲ. ಅಗ್ಗದ ಮಶಿನ್ ಆರು ತಿಂಗಳಿಗೆ ಅಲುಗಾಡತೊಡಗುತ್ತದೆ ಎನ್ನುತ್ತಾರೆ. ಒಪ್ಪತಕ್ಕ ಮಾತು. ಬೇರಿಂಗು ಸವೆದ ಮಶಿನ್ನಿನಲ್ಲಿ ಎರಡನೆಯ ಬಣ್ಣ ಮೊದಲನೆಯದರ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಆದರೆ ಅದನ್ನು ಪತ್ತೆಹಚ್ಚಲು ಹದಿನಾಲ್ಕು ಕೊಟೇಶನ್ ಬೇಕಿಲ್ಲ; ತೋಳಿಗೆ ಫ್ರೇಮು ಕಟ್ಟಿ, ಇಳಿಸಿ, ತುದಿ ಹಿಡಿದು ಅತ್ತಿತ್ತ ಜಗ್ಗಿದರೆ ಮಶಿನ್ ತಾನೇ ಹೇಳುತ್ತದೆ. ಬ್ಯಾಂಕಿನವರು ಕೊಟೇಶನ್ ಇಲ್ಲದೆ ಮಾತೇ ಆಡುವುದಿಲ್ಲವಲ್ಲ ಎನ್ನುತ್ತಾರೆ. ಅದೂ ನಿಜ. 2008ರಲ್ಲಿ ಶುರುವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷದ ತನಕ ಅವಕಾಶ, ಶೇಕಡಾ 15ರಿಂದ 35ರವರೆಗೆ ಸಬ್ಸಿಡಿ. ಹಳ್ಳಿಗೆ ಹೆಚ್ಚು, ಪೇಟೆಗೆ ಕಡಿಮೆ. ಆದಕಾರಣ ತಾರಿಹಾಳ ಹಳ್ಳಿಯೋ ಪೇಟೆಯೋ ಎಂಬ ಜಿಜ್ಞಾಸೆಯಲ್ಲೇ ಸಾವ್ಕಾರರ ಒಂದು ಮಳೆಗಾಲ ಕಳೆದಿರುತ್ತದೆ. ಕಾಗದಕ್ಕೆ ಅರ್ಥವಾಗುವುದು ಕಬ್ಬಿಣ, ಕೈಯ ಪಳಗಿಕೆಯಲ್ಲ. ಪಳಗಿಕೆಗೆ ಕೊಟೇಶನ್ ಕೊಡುವ ಕಂಪನಿ ಇಲ್ಲ, ಇದ್ದಿದ್ದರೆ ಸಾವ್ಕಾರರು ಖಂಡಿತ ತರಿಸುತ್ತಿದ್ದರು. ಆದರೂ ಸಬ್ಸಿಡಿಯ ದುಡ್ಡು ಮೂರು ವರ್ಷ ಬ್ಯಾಂಕಿನ ಠೇವಣಿಯಲ್ಲೇ ಕೂತಿರುತ್ತದೆ, ಸಾಲದ ಕಂತು ಕೂತಿರುವುದಿಲ್ಲ. ಆ ಮೂರು ವರ್ಷ ಅಂಗಡಿ ನಡೆಯಬೇಕಾದದ್ದು ಗಿರಾಕಿಯಿಂದ.

ಈಗ ಡಿಟಿಎಫ್ ಬಂದಿದೆ, ಸ್ಕ್ರೀನಿನ ಕಾಲವೇ ಮುಗಿಯಿತಲ್ಲ ಎಂಬುದು ಹೊಸ ತಕರಾರು. ಫಿಲ್ಮಿನ ಮೇಲೆ ಚಿತ್ರ ತೆಗೆದು, ಅಂಟಿನ ಪುಡಿ ಉದುರಿಸಿ, ಬಿಸಿ ಪ್ರೆಸ್ಸಿನಲ್ಲಿ ಬಟ್ಟೆಗೆ ಒತ್ತುವ ಈ ವಿಧಾನದಲ್ಲಿ ಒಂದೇ ಒಂದು ಅಂಗಿಗೂ ಫೋಟೊ ಹಾಕಬಹುದು, ಬಣ್ಣ ಎಷ್ಟಾದರೂ ಇರಲಿ. ಆದರೆ ನೂರನೆಯ ಅಂಗಿಗೂ ಮೊದಲನೆಯದರಷ್ಟೇ ಫಿಲ್ಮು, ಅಷ್ಟೇ ಬಣ್ಣ, ಅಷ್ಟೇ ಪುಡಿ ಬೇಕು. ಸ್ಕ್ರೀನಿನಲ್ಲಿ ಖರ್ಚೆಲ್ಲ ಮೊದಲನೆಯದಕ್ಕೆ. ಆಮೇಲಿನವು ಬರಿಯ ಬಣ್ಣ, ಬೆವರು. ಅಂದರೆ ಕಡಿಮೆ ಸಂಖ್ಯೆಯ, ಬಹುವರ್ಣದ ಕೆಲಸ ಡಿಟಿಎಫ್‌ಗೆ ಹೋಗಿ, ಒಂದೆರಡು ಬಣ್ಣದ ನೂರಾರು ಪ್ರತಿಗಳ ಕೆಲಸ ಸ್ಕ್ರೀನಿಗೆ ಉಳಿಯಿತು. ಈ ತಕರಾರು ಸ್ಕ್ರೀನಿನ ಅಂಗಡಿಯನ್ನು ಮುಚ್ಚಿಸುವುದಿಲ್ಲ. ಆರು ಕಲರಿನ ಕೊಟೇಶನ್ನನ್ನು ಮುಚ್ಚಿಸುತ್ತದೆ. ಬೆಂಗೇರಿಯ ಮಾತೆತ್ತಿದರೆ, 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಖಾದಿಯವರ ಪಾಡೇನಾಯಿತು ಎಂದೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ, ಸಂಘದವರೇ ಆಗ ಬೀದಿಗಿಳಿದು ವಿರೋಧಿಸಿದರು. ಆದರೆ ಆ ಪೆಟ್ಟು ಬಿದ್ದದ್ದು ಕಾನೂನಿನಿಂದ, ಬಟ್ಟೆಯ ಬೆಲೆಯಿಂದ, ಅಚ್ಚು ಕೆಟ್ಟದ್ದರಿಂದಲ್ಲ. ಪಾಲಿಯೆಸ್ಟರಿನ ಆ ದೊಡ್ಡ ಗಿರಣಿಗಳ ಎದುರು ತಾರಿಹಾಳದ ಆರು ತೋಳಿನ ಮಶಿನ್ ಕೂಡ ನೂಲುವ ಚರಕವೇ.

ಹಾಗಾದರೆ ಸಾವ್ಕಾರರು ಕೊಳ್ಳದಿರುವುದಕ್ಕೆ ನಿಜವಾದ ಕಾರಣ? ಮಶಿನ್ ಆರಿಸುವುದೆಂಬುದು ಈ ದಂಧೆಯಲ್ಲಿ ಗಿರಾಕಿಯ ಹಂಗಿಲ್ಲದೆ ಮಾಡಬಹುದಾದ ಏಕೈಕ ಕೆಲಸ. ಅಷ್ಟೇ ಅಲ್ಲ, ಅಲ್ಲಿಯವರೆಗೆ ಸಾವ್ಕಾರರೇ ಗಿರಾಕಿ. ತಿರುಪ್ಪೂರಿನಿಂದ ಫೋನು ಬಂದರೆ “ಸರ್” ಎನ್ನುವವರು ಆ ಕಡೆಯವರು. ಪ್ರದರ್ಶನಕ್ಕೆ ಹೋದರೆ ಕುರ್ಚಿ ಹಾಕುತ್ತಾರೆ, ಚಾ ಕೊಡುತ್ತಾರೆ, ಕೊರಳಿಗೆ ಹೆಸರಿನ ಪಟ್ಟಿ ಹಾಕುತ್ತಾರೆ. ಮುಂಗಡ ಕೊಟ್ಟ ದಿನವೇ ಈ ವೈಭವ ಮುಗಿಯುತ್ತದೆ. ಮಶಿನ್ ಇಳಿದ ಮರುದಿನದಿಂದ ಮಂಡಳಿಯ ಹದಿನೆಂಟರ ಹುಡುಗನಿಗೆ “ನಾಳೆ ಕೊಡ್ತೀನ್ರಿ, ಪಕ್ಕಾ” ಎಂದು ಹೇಳಬೇಕಾದವರು ಇವರು. ಸಾವ್ಕಾರಿಕೆಯಿಂದ ಅಂಗಡಿಕಾರಿಕೆಗೆ ಇಳಿಯುವ ಈ ಒಂದು ಮೆಟ್ಟಿಲನ್ನು ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಮುಂದೂಡುವುದು ಮನುಷ್ಯಸಹಜ. ಮಂಡಳಿಯವರು ಬಂದಾಗ ನಡೆಯುವ ಸಂವಾದದಲ್ಲಿ ಇದು ನಿಚ್ಚಳವಾಗುತ್ತದೆ. “ಅಣ್ಣಾರ, ಗಣಪ್ಪಗ ನೂರೈವತ್ತ್ ಟಿ-ಶರ್ಟ್ ಆಗಬೇಕಿತ್ರಿ.” “ಮಶಿನ್ ಬರ್ಲಿ ತಡೀರೋ ತಮ್ಮಾ, ಆರ್ ಕಲರ್‌ನ್ಯಾಗ ಹೊಡದ್ ಕೊಡ್ತೀನಿ.” “ನಮಗ ಒಂದ ಕಲರ್ ಸಾಕ್ರಿ.” ಈ ಮಾತಿಗೆ ಫೈಲಿನಲ್ಲಿ ಉತ್ತರವಿಲ್ಲ. ಹುಡುಗರು ಹಳೇ ಹುಬ್ಬಳ್ಳಿಯ ಯಾವುದೋ ಓಣಿಗೆ ಹೋಗುತ್ತಾರೆ. ಅಲ್ಲೊಬ್ಬರು ಹಳೆಯ ಮೇಜಿಗೆ ಬಾಗಿಲಿನ ಎರಡು ತಿರುಗಣಿ ಜಡಿದು, ಅದಕ್ಕೆ ಫ್ರೇಮು ಸಿಕ್ಕಿಸಿ, ಟ್ಯೂಬ್‌ಲೈಟಿನಲ್ಲಿ ಎಕ್ಸ್‌ಪೋಸ್ ಮಾಡಿ ನಾಳೆ ಎಂದದ್ದನ್ನು ನಾಡಿದ್ದು ಕೊಟ್ಟು ಕಳಿಸುತ್ತಾರೆ.

ಐದು ಸಾವಿರ ಚೀಲದ ಆರ್ಡರ್ ಬಂದರೆ ಆ ತಿರುಗಣಿ ಮೇಜು ಏನು ಮಾಡೀತು ಎಂದು ಸಾವ್ಕಾರರು ನಗಬಹುದು. ದಿನಕ್ಕೆ ಎಂಟುನೂರರಂತೆ ಒಂದು ವಾರ ಮಾಡೀತು. ಆ ಐದು ಸಾವಿರವೂ, ಮೊದಲು ಇನ್ನೂರು ಚೀಲವನ್ನು ಮಸಿ ಹರಡದ ಹಾಗೆ ಮಾಡಿಕೊಟ್ಟವರ ಹತ್ತಿರ ಬರುವುದು. ಹೊಸ ಅಂಗಡಿಗೆ ಯಾವ ಮಶಿನ್ ಎಂದು ಪಟ್ಟು ಹಿಡಿದು ಕೇಳಿದರೆ, ಜಗ್ಗಿದರೆ ಅಲುಗದ, ಕೈಯಿಂದ ನಡೆಯುವ ನಾಲ್ಕು ಕಲರಿನದು ಸಾಕು. ಅದೂ ಎರಡನೆಯ ಬಣ್ಣ ಕೇಳುವ ಗಿರಾಕಿ ಬಂದ ಮೇಲೆ. ಓದುಗರಲ್ಲಿ ಯಾರಾದರೂ ತಾರಿಹಾಳದ ಕಡೆ ಹೋದಾಗ ಇಂಥ ಶೆಡ್ಡು ಕಂಡರೆ ಒಳಗೆ ಹೋಗಿ. ಚಾ ಕುಡಿಯಿರಿ, ಫೈಲು ತೆರೆಯಲು ಮಾತ್ರ ಬಿಡಬೇಡಿ. ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದರೆ ಇನ್ನೂರು ಚೀಲಕ್ಕೆ ಅಲ್ಲೇ ಮುಂಗಡ ಕೊಟ್ಟು, ಒಂದೇ ಬಣ್ಣ ಸಾಕೆಂದು ಹೇಳಿ, ತಾರೀಖು ಬರೆಸಿಕೊಂಡು ಬನ್ನಿ.