ಬಿಚ್ಚಿಟ್ಟ ಪಂಪಿನ ಬಿಚ್ಚುಮಾತು

ವಿಶಾಖಪಟ್ಟಣದ ಬಳಿಯ ಪರವಾಡದ ಒಂದು ಔಷಧಿ ಕಾರ್ಖಾನೆಯ ವರ್ಕ್‌ಶಾಪು. ಎಲ್ಲರೂ ಊಟಕ್ಕೆಂದು ಕ್ಯಾಂಟೀನಿಗೆ ಹೋಗಿದ್ದರು. ಕೂಲಿಂಗ್ ಟವರಿನ ನೀರು ತಳ್ಳುವ ಪಂಪೊಂದು ಗೋಣಿಚೀಲದ ಮೇಲೆ ತುಂಡುತುಂಡಾಗಿ ಮಲಗಿತ್ತು: ಹೊಟ್ಟೆ ಒಂದೆಡೆ, ಬೆನ್ನುಮೂಳೆ ಇನ್ನೊಂದೆಡೆ, ಬೋಲ್ಟುಗಳೆಲ್ಲ ಹಳೇ ಡಾಲ್ಡಾ ಡಬ್ಬದಲ್ಲಿ. ಇಷ್ಟು ಬಿಡುವಾಗಿ ಮತ್ತೆ ಸಿಗುವ ಆಸಾಮಿಯಲ್ಲ ಎಂದು ಬುತ್ತಿ ಪಕ್ಕಕ್ಕಿಟ್ಟು ಮಾತಿಗೆ ಕೂತೆ.

ನಾನು: ಹೇಗಿದ್ದೀರಿ?

ಪಂಪು: ಎಲ್ಲೆಲ್ಲಿದ್ದೀರಿ ಅಂತ ಕೇಳಿ ಸ್ವಾಮಿ. ಇಂಪೆಲ್ಲರ್ ಬೆಂಚಿನ ಮೇಲಿದೆ, ಶಾಫ್ಟು ಲೇತಿನ ಹತ್ತಿರ ಹೋಗಿದೆ, ಗ್ಯಾಸ್ಕೆಟ್ಟು ಮುಕ್ಕಾಲು ಪಾಲು ಕೇಸಿಂಗಿಗೇ ಅಂಟಿಕೊಂಡಿದೆ. ಈಗ ಮಾತಾಡ್ತಿರೋದು ಯಾವ ಭಾಗ ಅಂತ ನನಗೇ ಗೊತ್ತಿಲ್ಲ.

ನಾನು: ಆಂಧ್ರದಲ್ಲಿದ್ದೂ ಕನ್ನಡ ಸೊಗಸಾಗಿದೆ!

ಪಂಪು: ಪಂಪನಿಗೆ ಬಾರದ ಕನ್ನಡವೇ? 941ರಲ್ಲಿ ಆದಿಪುರಾಣ ಬರೆದ ನಿಮ್ಮ ಆದಿಕವಿಯ ಪೂರ್ವಿಕರು ಇದೇ ಆಂಧ್ರದ ವೆಂಗಿ ನಾಡಿನವರು. ನನ್ನ ಮೈ ಎರಕ ಹೊಯ್ದದ್ದು ಬೆಳಗಾವಿಯ ಫೌಂಡ್ರಿಯಲ್ಲಿ. ಅವರು ಪಂಪನನ್ನು ಕೊಟ್ಟರು, ನೀವು ಪಂಪು ಕಳಿಸಿ ಋಣ ತೀರಿಸಿದಿರಿ. ಯಾರಿಗೆ ಲಾಭವಾಯಿತು ಅಂತ ನಾನು ಹೇಳೋದಿಲ್ಲ.

ನಾನು: ಕಾಯಿಲೆ ಏನು?

ಪಂಪು: ಸಕ್ಷನ್ ಕಡೆಯ ಜಾಲರಿಗೆ ಪಾಚಿ ಕಟ್ಟಿತ್ತು. ಹಾಗೆ ನೀರು ಸಾಲದೆ ಹೋದರೆ ಇಂಪೆಲ್ಲರಿನ ಬಾಯಲ್ಲಿ ಒತ್ತಡ ಕುಸಿದು, ಒಲೆ ಹಚ್ಚದೆಯೇ ನೀರು ಕುದ್ದು ಗುಳ್ಳೆ ಏಳುತ್ತೆ. ಆ ಗುಳ್ಳೆಗಳು ರೆಕ್ಕೆಯ ಮೇಲೆ ಒಡೆಯುವಾಗ ಜಲ್ಲಿ ಅಗಿದಂಥ ಸದ್ದು. ಒಡೆದೊಡೆದು ಲೋಹವನ್ನೇ ಕಿತ್ತು ತಿನ್ನುತ್ತವೆ. ಬೆರಳಾಡಿಸಿ ನೋಡಿ, ಸಿಡುಬು ಬಂದ ಮುಖ. ಮೂರು ತಿಂಗಳು ನಾನು ಜಲ್ಲಿ ಅಗಿದೆ, ಇವರು ‘ನಾರ್ಮಲ್’ ಅಂತ ಬರೆದುಕೊಂಡರು.

ನಾನು: ತಿಂಗಳು ತಿಂಗಳೂ ತಪಾಸಣೆ ಇರುತ್ತಲ್ಲ?

ಪಂಪು: ರಿಜಿಸ್ಟರಿಗೆ ಇರುತ್ತೆ. ಆಡಿಟ್‌ನ ಹಿಂದಿನ ರಾತ್ರಿ ಒಂದೇ ಪೆನ್ನು, ಒಂದೇ ಕೈ, ಆರು ತಿಂಗಳ ಸಹಿ. ಜನವರಿಯಲ್ಲೂ ನನ್ನ ಬೇರಿಂಗಿನ ಶಾಖ 52 ಡಿಗ್ರಿ, ಮೇ ತಿಂಗಳಲ್ಲೂ 52. ವಿಶಾಖಪಟ್ಟಣದ ಸೆಕೆ ತಟ್ಟದೇ ಇರೋದು ನನಗೊಬ್ಬನಿಗೇ.

ನಾನು: ಬಿಚ್ಚುವಾಗಲಾದರೂ ಕ್ರಮವಾಗಿ ಬಿಚ್ಚಿದರೋ?

ಪಂಪು: ಬ್ರೇಕರಿಗೆ ಬೀಗ ಹಾಕಿ ಕೀಲಿ ಜೇಬಿಗಿಟ್ಟರು, ಎರಡೂ ವಾಲ್ವ್ ಮುಚ್ಚಿ ಒಳಗಿನ ನೀರು ಇಳಿಸಿದರು. ಅಷ್ಟರ ಮಟ್ಟಿಗೆ ಕೈಮುಗಿಯುತ್ತೇನೆ, ಮನುಷ್ಯರಿಗಿರೋದು ಹತ್ತೇ ಬೆರಳು. ಆಮೇಲೆ ಶುರುವಾಯ್ತು. ಮತ್ತೆ ಜೋಡಿಸುವಾಗ ಗೊತ್ತಾಗಲಿ ಅಂತ ಕವರಿಗೂ ಕೇಸಿಂಗಿಗೂ ಪಂಚ್ ಹೊಡೆದು ಗುರುತು ಮಾಡಬೇಕು. ಇವರು ಸೀಮೆಸುಣ್ಣದಲ್ಲಿ ಗೀಚಿ, ಡೀಸೆಲ್ ಸುರಿದು ತೊಳೆದರು. ಕವರ್ ಎಬ್ಬಿಸೋಕೆ ಅಂತಲೇ ಜ್ಯಾಕ್ ಬೋಲ್ಟಿನ ತೂತು ಕೊಟ್ಟು ನನ್ನನ್ನು ಹುಟ್ಟಿಸಿದ್ದಾರೆ. ಅವಕ್ಕೆ ಪೇಂಟ್ ಬಳಿದು ಮುಚ್ಚಿ ಎಷ್ಟೋ ವರ್ಷವಾಯ್ತು. ಸರಿ, ಸಂದಿಗೆ ಉಳಿ ಇಟ್ಟರು, ಮೇಲೆ ಸುತ್ತಿಗೆ. ಬೇರಿಂಗ್ ಎಳೆಯೋ ಪುಲ್ಲರ್ ಸ್ಟೋರಿನಲ್ಲಿತ್ತು. ಸ್ಟೋರಿನ ಕೀಲಿ ಇದ್ದವರು ಅನಕಾಪಲ್ಲಿಗೆ ಬೆಲ್ಲ ತರೋಕೆ ಹೋಗಿದ್ದರು. ಅದಕ್ಕೂ ಸುತ್ತಿಗೆಯೇ.

ನಾನು: ಹೊಸ ಬೇರಿಂಗ್ ಬಂದಿದೆಯಂತಲ್ಲ.

ಪಂಪು: 6310. ಕೊನೆಯ ಹತ್ತನ್ನು ಐದರಿಂದ ಗುಣಿಸಿದರೆ ಒಳವ್ಯಾಸ, 50 ಮಿಲಿಮೀಟರ್. ಲೆಕ್ಕ ಹುಡುಗರಿಗೆ ಬಾಯಿಪಾಠ. ಆದರೆ ಅದನ್ನು ನೂರು ಡಿಗ್ರಿಯ ಆಸುಪಾಸು ಕಾಯಿಸಿದರೆ ಬಳೆ ತೊಡಿಸಿದ ಹಾಗೆ ಶಾಫ್ಟಿಗೆ ಏರುತ್ತೆ ಅನ್ನೋದು ಯಾರಿಗೂ ಬೇಡ. ಹೊರ ಉಂಗುರಕ್ಕೆ ಬಾರಿಸಿದರೆ ಆ ಏಟು ಗುಂಡುಗಳನ್ನು ತುಳಿದುಕೊಂಡೇ ಒಳಕ್ಕೆ ಹೋಗಬೇಕು. ಕೆಲಸಕ್ಕೆ ಸೇರುವ ಮೊದಲೇ ಮೂಳೆ ಮುರಿದವನ ಗತಿ ಅದಕ್ಕೆ.

ನಾನು: ಪಕ್ಕದಲ್ಲೇ ಎನ್‌ಟಿಪಿಸಿಯ ಸಿಂಹಾದ್ರಿ. 500 ಮೆಗಾವಾಟಿನ ನಾಲ್ಕು ಘಟಕ. ನೆಂಟಸ್ತಿಕೆ ಉಂಟೇ?

ಪಂಪು: ಅದು ನಮ್ಮ ದೊಡ್ಡಮನೆ. ಅಲ್ಲಿ ತಂಪಿಗೆ ಬಂಗಾಳ ಕೊಲ್ಲಿಯ ನೀರು. ಉಪ್ಪು ತಿಂದವನು ನೀರು ಕುಡಿಯಬೇಕು ಅಂತೀರಲ್ಲ, ಅಲ್ಲಿನ ಪಂಪುಗಳು ಎರಡನ್ನೂ ಒಂದೇ ಗುಟುಕಿನಲ್ಲಿ ಮುಗಿಸುತ್ತವೆ.

ನಾನು: ನಿಮ್ಮ ಸಂಕಟ ತಿಳಿದವರು ಯಾರೂ ಇರಲಿಲ್ಲವೇ?

ಪಂಪು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಒಬ್ಬ ಮೇಸ್ತ್ರಿಗಾರು ಇದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ನನ್ನ ಬೇರಿಂಗ್ ಮನೆಯ ಮೇಲೆ, ಹಿಡಿ ಅವರ ಕಿವಿಗೆ. ಕಣ್ಣು ಮುಚ್ಚಿ ಕೇಳೋರು. ಗ್ಲ್ಯಾಂಡಿನಿಂದ ಹನಿಯುವ ನೀರನ್ನು ವಾಚು ನೋಡಿಕೊಂಡು ಎಣಿಸೋರು. ನಿಮಿಷಕ್ಕೆ ನಲವತ್ತೋ ಐವತ್ತೋ ಹನಿ ಬೀಳಲೇಬೇಕು, ಒಳಗೆ ಸುತ್ತಿದ ಹಗ್ಗವನ್ನು ತಂಪಾಗಿಡೋದು ಆ ಹನಿಯೇ. ಅವರು ರಿಟೈರಾದ ವಾರವೇ, ನೆಲ ಒದ್ದೆಯಾಗುತ್ತೆ ಅಂತ ಹೊಸಬರು ನಟ್ಟು ಬಿಗಿದರು. ನೆಲ ಒಣಗಿತು. ನನ್ನ ಶಾಫ್ಟಿನ ತೋಳು ಸುಟ್ಟು ಗೆರೆ ಬಿತ್ತು. ನೀರು ಸೋರದ ವಿಭಾಗ ಅಂತ ಸಾಹೇಬರಿಗೆ ಶಾಲು ಹೊದಿಸಿದರು.

ಹೊರಗೆ ಚಪ್ಪಲಿ ಸದ್ದಾಯಿತು. ಪಂಪು ದನಿ ತಗ್ಗಿಸಿ, “ಆ ಡಬ್ಬದಲ್ಲಿ ಬೋಲ್ಟು ಎಷ್ಟಿವೆ, ಸ್ವಲ್ಪ ಎಣಿಸಿ” ಎಂದಿತು. ಎಣಿಸಿದೆ. ಹನ್ನೊಂದು. ಕವರಿನಲ್ಲಿ ತೂತು ಹನ್ನೆರಡು.

ಹೇಳೋಣವೆಂದು ತಿರುಗಿದೆ. ಒಳಗೆ ಬಂದ ಹುಡುಗ ಆಗಲೇ ಗೋಡೆಗೆ ತೂಗುಹಾಕಿದ್ದ ರಿಜಿಸ್ಟರ್ ಇಳಿಸಿಕೊಂಡಿದ್ದ. ಎರಡು ಗಂಟೆಯ ರೀಡಿಂಗ್ ಬರೆಯಬೇಕಿತ್ತು. ಗೋಣಿಚೀಲ ದಾಟಿ, ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ: 52.